ರೋಗಿಯಮ್ಮನಿಗೆ ನಿಜವಾಗಿ ಪೆಟ್ಟಾದ ದಿನ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ರೋಗಿಯಮ್ಮ ಅಂತಲೇ ಕರೆಯುತ್ತಿದ್ದರು. ಹಾಗಂತ ಅವಳಿಗೆ ರೋಗರುಜಿನ ಏನೂ ಇರಲಿಲ್ಲ, ಗುಂಡುಕಲ್ಲಿನ ಹಾಗಿದ್ದಳು. ರೋಗಿಯಾಗುವುದು ಅವಳ ಉದ್ಯೋಗ. ನಗಬೇಡಿ, ಅದಕ್ಕೆ ಸಂಬಳ ಕೊಡುತ್ತಿದ್ದರು. ದೊಡ್ಡಾಸ್ಪತ್ರೆಯ ಮೂರನೇ ಮಹಡಿಯಲ್ಲಿ ಒಂದು ಪಾಠದ ಹಾಲ್ ಇತ್ತು. ಓದು ಮುಗಿಸಿ, ಬಾಗಿಲಿಗೆ ಬೋರ್ಡು ತಗುಲಿಸಿಕೊಂಡ ಡಾಕ್ಟರುಗಳು ಕೂಡ ವರ್ಷಕ್ಕೊಮ್ಮೆ ಅಲ್ಲಿ ಬಂದು ಮಕ್ಕಳ ಹಾಗೆ ಕೂತು ಕಲಿಯಬೇಕು, ಇಲ್ಲದಿದ್ದರೆ ಲೈಸೆನ್ಸ್ ಮುಂದುವರಿಯುವುದಿಲ್ಲ. ತಲೆಗೆ ಪೆಟ್ಟು ಬಿದ್ದವರನ್ನು ಹೇಗೆ ನೋಡಬೇಕು ಅನ್ನುವ ಪಾಠದ ದಿನ, ಪೆಟ್ಟು ಬಿದ್ದವಳಾಗಿ ಅಲ್ಲಿನ ಮಂಚದ ಮೇಲೆ ಮಲಗುತ್ತಿದ್ದವಳು ಇವಳು.

ಅವಳಿಗೆ ಒಬ್ಬ ಅಕ್ಕ. ಇಸ್ತ್ರಿ ಅಂಗಡಿ ಅಕ್ಕನದು. ಅಂಗಡಿಯ ಹಿಂದಿನ ಎರಡು ಕೋಣೆಯೇ ಇಬ್ಬರ ಮನೆ. ಅಕ್ಕನ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ತಂಗಿ ಮದುವೆಯ ಗೋಜಿಗೇ ಹೋಗಿರಲಿಲ್ಲ. "ನಿನ್ನನ್ನು ಕಟ್ಟಿಕೊಂಡವನು ದಿನಕ್ಕೊಂದು ಹೆಂಡತಿ ನೋಡಬೇಕಾಗ್ತಿತ್ತು, ಪಾಪ ಬಚಾವಾದ" ಅಂತ ಅಕ್ಕ ಅನ್ನುತ್ತಿದ್ದಳು.

ಅಕ್ಕನ ಮಾತು ಸುಳ್ಳಲ್ಲ. ಚಿಕ್ಕಂದಿನಿಂದಲೂ ಬೇರೆಯವರ ಹಾಗೆ ಮಾಡಿ ತೋರಿಸುವುದರಲ್ಲಿ ಅವಳದು ಎತ್ತಿದ ಕೈ. ಬಾಗಿಲ ಹಿಂದೆ ನಿಂತು ಅಪ್ಪನ ಹಾಗೆ ಕೆಮ್ಮಿದರೆ ಅಂಗಳದ ಹುಡುಗಿಯರೆಲ್ಲ ದಿಕ್ಕಾಪಾಲು. ದೊಡ್ಡವಳಾದ ಮೇಲೆ ಸಿನಿಮಾ ಮಂದಿರದಲ್ಲಿ ಟಿಕೆಟ್ ಕೊಡುವ ಕೆಲಸ ಸಿಕ್ಕಿತು. ಅಲ್ಲಿ ಸುಮ್ಮನಿರಲಾರದೆ ಒಂದು ದಿನ ಮ್ಯಾನೇಜರು ಮೂಗಿನಲ್ಲಿ ಬಯ್ಯುವುದನ್ನು ಮಾಡಿ ತೋರಿಸಿದಳು. ನೋಡುವವರು ನಗುವುದನ್ನು ಬಿಟ್ಟು ಯಾಕೆ ಕಕ್ಕಾಬಿಕ್ಕಿಯಾಗಿದ್ದಾರೆ ಅಂತ ತಿರುಗಿದರೆ ಮ್ಯಾನೇಜರು ಹಿಂದೆಯೇ ನಿಂತಿದ್ದರು. ಅಲ್ಲಿಗೆ ಆ ಕೆಲಸಕ್ಕೆ ಮಂಗಳ ಹಾಡಿಯಾಯಿತು. ಅಕ್ಕನ ಅಂಗಡಿಗೆ ಬಂದಳು, ಬಂದ ವಾರದಲ್ಲೇ ಯಾರದೋ ಒಳ್ಳೆಯ ಅಂಗಿ ಸುಟ್ಟಳು. "ನಿನ್ನ ಕೈಗೆ ಇಸ್ತ್ರಿಪೆಟ್ಟಿಗೆ ಕೊಟ್ಟರೆ ಈ ಬೀದಿಯವರೆಲ್ಲ ಬರೀ ಮೈಯಲ್ಲಿ ಓಡಾಡಬೇಕಾಗುತ್ತೆ ಕಣೇ" ಅಂತ ಅಕ್ಕ ಬೈದು, ಬಟ್ಟೆ ಮಡಿಸುವುದಕ್ಕೆ ಕೂರಿಸಿದಳು.

ಹಾಗೆ ಮಡಿಸುತ್ತಾ, ಸೊಂಟನೋವಿನ ಗಿರಾಕಿಯೊಬ್ಬರು ಮೆಟ್ಟಿಲು ಹತ್ತುವುದನ್ನು ಅಕ್ಕನಿಗೆ ಮಾಡಿ ತೋರಿಸುತ್ತಿದ್ದಾಗ ಬಿಳಿ ಕೋಟು ತಗೊಂಡು ಹೋಗಲು ಬಂದವರು ಪಾಠದ ಮೇಡಂ. ಆಸ್ಪತ್ರೆಯ ಆ ಹಾಲ್ ನಡೆಸುತ್ತಿದ್ದ ಡಾಕ್ಟರು ಅವರೇ. ಬಾಗಿಲಲ್ಲೇ ನಿಂತು ಪೂರ್ತಿ ನೋಡಿ, "ನಿಮಗೆ ತಲೆಗೆ ಪೆಟ್ಟು ಬಿದ್ದ ಹಾಗೆ ಮಾಡೋಕೆ ಬರುತ್ತಾ?" ಅಂತ ಕೇಳಿದರು. "ಎಷ್ಟು ಜೋರಾಗಿ ಬಿದ್ದಿರಬೇಕು ಮೇಡಂ?" ಅಂದಳಂತೆ ಇವಳು.

ಮೇಡಂ ಅವಳಿಗೊಂದು ಪಾತ್ರ ಕೊಟ್ಟರು. ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಗಸು, ಮೇಲಿನ ಪುಸ್ತಕ ತೆಗೆಯಲು ಹೋಗಿ ಏಣಿಯಿಂದ ಬಿದ್ದಿದ್ದಾಳೆ. ಪಾತ್ರಕ್ಕೊಂದು ಹೆಸರು, ವಯಸ್ಸು, ಮನೆವಿಳಾಸ. ಬೆಳಕು ಕಂಡರೆ ಕಣ್ಣು ಕಿರಿದು ಮಾಡಬೇಕು, ಕೇಳಿದ್ದಕ್ಕೆ ಸ್ವಲ್ಪ ತಡೆದು ಉತ್ತರಿಸಬೇಕು, ಈಗಷ್ಟೇ ಕೇಳಿದ್ದನ್ನೇ ಮತ್ತೆ ಕೇಳಬೇಕು. ಮನೆಯಲ್ಲಿ ಬಟ್ಟೆರಾಶಿಯ ಪಕ್ಕ ಕೂತು ಹಗಲೆಲ್ಲ ಅದೇ ಅಭ್ಯಾಸ. "ಅಕ್ಕಾ, ದೀಪ ಕಣ್ಣಿಗೆ ಚುಚ್ಚುತ್ತೆ." "ಚುಚ್ಚಿದ್ರೆ ಆರಿಸೇ, ಕರೆಂಟಾದ್ರೂ ಉಳೀಲಿ." ಅಕ್ಕ ಎಷ್ಟೇ ಮೂಗು ಮುರಿದರೂ ಒಳಗೊಳಗೇ ಹೆಮ್ಮೆಯಿತ್ತು. ತನ್ನ ಅಂಗಡಿಯಲ್ಲಿ ಇಸ್ತ್ರಿಯಾದ ಕೋಟು ಹಾಕಿಕೊಂಡು ದೊಡ್ಡ ದೊಡ್ಡ ಡಾಕ್ಟರುಗಳು ತನ್ನ ತಂಗಿಯ ಮುಂದೆ ಬೆವರುತ್ತಾರೆ ಅಂದರೆ ಸುಮ್ಮನೆಯೇ!

ಆ ಹಾಲ್‌ನಲ್ಲಿ ಒಂದು ಪದ್ಧತಿ ಇತ್ತು. ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ, ಮುಂದಿನ ಅನಾಹುತವೆಲ್ಲ ಇದರಿಂದಲೇ ಆದದ್ದು. ನಟಿಸುವವಳ ಕಣ್ಣುಪಾಪೆ ದೊಡ್ಡದಾಗುವುದಿಲ್ಲ, ಬಿಪಿ ಏರುವುದಿಲ್ಲ. ಅದಕ್ಕೇ ಪರೀಕ್ಷೆ ಕೊಡುವ ಡಾಕ್ಟರು ತಾನು ಮಾಡುವುದನ್ನು ಬಾಯಲ್ಲಿ ಹೇಳಬೇಕು, ಅಷ್ಟೇ. "ಟಾರ್ಚ್ ಬಿಟ್ಟು ಕಣ್ಣುಪಾಪೆ ನೋಡ್ತಿದ್ದೀನಿ" ಅಂದರೆ ನೋಡಿದ ಲೆಕ್ಕ. ಮಂಚದ ಮೇಲಿನ ರೋಗಿಯಮ್ಮ, "ಎರಡೂ ಸಮ" ಅಂತ ಉತ್ತರ ಕೊಡುತ್ತಾಳೆ. "ಸ್ಕ್ಯಾನ್‌ಗೆ ಕಳಿಸ್ತಿದ್ದೀನಿ" ಅಂದರೆ ಕಳಿಸಿದ ಲೆಕ್ಕ. ಅಲ್ಲಿಗೆ ಪರೀಕ್ಷೆ ಮುಗಿಯಿತು, ಎಲ್ಲರೂ ಚಹಾಕ್ಕೆ ಎದ್ದರು.

ಹಾಲ್‌ನಲ್ಲಿ ಕಲಿತದ್ದು ಕೆಳಗೆ ಎಮರ್ಜೆನ್ಸಿಯಲ್ಲೂ ನೆನಪಿರುತ್ತದೆಯೇ ಅಂತ ತಿಳಿಯಲು ಮೇಡಂ ಆಗಾಗ ರೋಗಿಯಮ್ಮನನ್ನು ಹೇಳದೆ ಕೇಳದೆ ಅಲ್ಲಿಗೂ ಕಳಿಸುತ್ತಿದ್ದರು. ಜೊತೆಗೆ ಕೆಲವು ಸಲ ಗಾಬರಿಬಿದ್ದ ಗಂಡನ ಪಾತ್ರದಲ್ಲಿ ಇನ್ನೊಬ್ಬರು ಇರುತ್ತಿದ್ದರು, ಅಂಥವರನ್ನು ಸಮಾಧಾನ ಮಾಡುವುದೂ ಪಾಠದಲ್ಲೇ ಸೇರಿತ್ತು. ಡಾಕ್ಟರಿಗೆ ಗುರುತು ಸಿಕ್ಕಿದರೂ "ನೀವು ನಾಟಕದವರು" ಅನ್ನುವಂತಿಲ್ಲ. ಕೊನೆಯವರೆಗೂ ನಿಜದ ರೋಗಿ ಅಂದುಕೊಂಡೇ ಬಾಯಲ್ಲಿ ಎಲ್ಲ ಹೇಳಿ ಮುಗಿಸಬೇಕು.

ಇನ್ನು ಆ ದಿನದ ಮಾತು.

ಬೆಳಿಗ್ಗೆ ಅಕ್ಕ ಅಂಗಡಿ ಮುಂದಿನ ಕಲ್ಲುಮೆಟ್ಟಿಲಿಗೆ ನೀರು ಸುರಿದು ತೊಳೆಯುತ್ತಿದ್ದಳು. ತಂಗಿ ಬಟ್ಟೆಗಂಟು ಹಿಡಿದು ಹೊರಗೆ ಕಾಲಿಟ್ಟಳು, ಜಾರಿದಳು. ಕಿವಿಯ ಮೇಲುಗಡೆ ಕಲ್ಲಿನ ಅಂಚಿಗೆ ಠಪ್ಪಂತ ಬಡಿಯಿತು. ಅಕ್ಕ ಬಕೆಟ್ ಎಸೆದು ಓಡಿಬರುವಷ್ಟರಲ್ಲಿ ತಾನೇ ಎದ್ದು ಕೂತು, "ಏನೂ ಆಗಿಲ್ಲ ಬಿಡು, ಬಿದ್ದು ಅಭ್ಯಾಸ" ಅಂತ ನಕ್ಕಳು. ಬಟ್ಟೆ ಮಡಿಸಿದಳು. ಗಿರಾಕಿಯೊಬ್ಬರನ್ನು ಕೆಣಕಿದಳು. ಆಮೇಲೆ ತಲೆ ಸಿಡಿಯುತ್ತಿದೆ ಅಂದಳು. ಆಮೇಲೆ ವಾಂತಿ ಮಾಡಿದಳು. ಆಮೇಲೆ, "ಅಕ್ಕಾ, ನಲ್ಲೀಲಿ ನೀರು ಬಂತಾ?" ಅಂತ ಕೇಳಿದಳು. ಬಂತು ಕಣೇ ಅಂದರೆ, ಉಸಿರು ತಗೊಂಡು, "ಅಕ್ಕಾ, ನಲ್ಲೀಲಿ ನೀರು ಬಂತಾ?" ಅಂದಳು.

ಅಕ್ಕನಿಗೆ ಇದು ಅಭ್ಯಾಸವೋ ನಿಜವೋ ಅಂತ ಒಂದು ಗಳಿಗೆಯೂ ಅನುಮಾನ ಬರಲಿಲ್ಲ. ತಂಗಿಯ ಬಣ್ಣ ಕೆಟ್ಟಿತ್ತು. ಕಾದ ಇಸ್ತ್ರಿಪೆಟ್ಟಿಗೆಯನ್ನು ಹಾಗೇ ನಿಲ್ಲಿಸಿ, ಪ್ಲಗ್ಗು ಕಿತ್ತು, ಅಂಗಡಿ ಬಾಗಿಲು ಎಳೆದುಕೊಂಡು ಆಟೋ ಹಿಡಿದಳು. ಗಡಿಬಿಡಿಯಲ್ಲಿ ಇಬ್ಬರ ಫೋನೂ ಮನೆಯಲ್ಲೇ ಉಳಿದವು.

ಎಮರ್ಜೆನ್ಸಿಯ ಬಾಗಿಲಲ್ಲೇ ನರ್ಸಮ್ಮ ಇವಳನ್ನು ಗುರುತು ಹಿಡಿದು ತುಟಿ ಕಚ್ಚಿಕೊಂಡು ಒಳಗೆ ಹೋದಳು. ಬಂದವರು ಕನ್ನಡಕದ ಡಾಕ್ಟರು. ಒಳ್ಳೆಯ ಮನುಷ್ಯ, ಇನ್ನೂ ಎಳೆ ವಯಸ್ಸು. ಪಾಠದ ಹಾಲ್‌ನಲ್ಲಿ ಎಲ್ಲರೂ ತೂಕಡಿಸುತ್ತಿದ್ದರೆ ಇವರೊಬ್ಬರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ, "ಸ್ವಲ್ಪ ಊಟಕ್ಕೆ ಬಿಡಪ್ಪಾ" ಅಂತ ಮೇಡಂ ಕೈಲಿ ಅನ್ನಿಸಿಕೊಂಡವರು. ಸೋಮಾರಿ ಡಾಕ್ಟರು ಯಾರಾದರೂ ಸಿಕ್ಕಿದ್ದರೆ ಇವಳು ಯಾರು ಎತ್ತ ಅಂತ ಗೊತ್ತಾಗದೆ ನೆಟ್ಟಗೆ ಸ್ಕ್ಯಾನ್‌ಗೆ ತಳ್ಳಿಬಿಡುತ್ತಿದ್ದರೇನೋ. ಅಕ್ಕನ ಹಣೆಬರಹ, ಸಿಕ್ಕಿದ್ದು ಜಾಣ.

"ಏನಾಯ್ತಮ್ಮಾ? ನಿಮ್ಮ ಹೆಸರೇನು?"

ತಂಗಿ ಕಣ್ಣು ಅರ್ಧ ತೆರೆದಳು. ಒಡೆದ ತಲೆಯೊಳಗೆ ಏನು ತಡಕಾಡಿದಳೋ, ಏನು ಕೈಗೆ ಸಿಕ್ಕಿತೋ, ಪಾತ್ರದ ಹೆಸರು ಹೇಳಿದಳು. "ಗ್ರಂಥಾಲಯದಲ್ಲಿ ಕೆಲಸ. ಏಣಿಯಿಂದ ಬಿದ್ದೆ."

ಅಕ್ಕ ನಡುವೆ ಬಾಯಿ ಹಾಕಿದಳು. "ಏಣಿ ಎಲ್ಲಿ ಬಂತೇ? ಡಾಕ್ಟ್ರೇ, ಅದು ಇವಳ ಹೆಸರಲ್ಲ. ಮೆಟ್ಟಿಲ ಮೇಲೆ ಜಾರಿದ್ದು. ನಾನೇ ನೀರು ಹಾಕಿದ್ದೆ. ತಲೆನೋವು ಜಾಸ್ತಿ ಆಗ್ತಿದೆ, ವಾಂತೀನೂ ಮಾಡಿದ್ಳು."

"ಅಮ್ಮಾ, ನೀವು ಸ್ವಲ್ಪ ಆ ಕಡೆ ಕೂತ್ಕೊಳ್ಳಿ. ನಾನು ನೋಡ್ತೀನಿ" ಅಂದರು ಡಾಕ್ಟರು. ಬಹಳ ನಯವಾಗಿಯೇ ಅಂದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಸ್ಪಷ್ಟವಾದ ದನಿಯಲ್ಲಿ ಶುರು ಮಾಡಿದರು. "ರೋಗಿಯ ಕತ್ತು ಅಲುಗದ ಹಾಗೆ ನೋಡ್ಕೊಳ್ತಿದ್ದೀನಿ. ಟಾರ್ಚ್ ಬಿಟ್ಟು ಕಣ್ಣುಪಾಪೆ ನೋಡ್ತಿದ್ದೀನಿ." ಟಾರ್ಚು ಕೋಟಿನ ಜೇಬಿನಲ್ಲೇ ಇತ್ತು.

"ಎರಡೂ ಸಮ" ಅಂದಳು ತಂಗಿ.

"ಬಿಪಿ, ನಾಡಿ ನೋಡ್ತಿದ್ದೀನಿ."

"ಸರಿಯಾಗಿದೆ."

"ವಾಂತಿಯಾಗಿದೆ, ತಲೆನೋವು ಏರ್ತಾ ಇದೆ, ಮಂಪರಿದೆ. ತಡಮಾಡದೆ ತಲೆಯ ಸ್ಕ್ಯಾನ್‌ಗೆ ಕಳಿಸ್ತಿದ್ದೀನಿ. ಮಿದುಳಿನ ಸರ್ಜನ್‌ಗೆ ಈಗಲೇ ತಿಳಿಸ್ತಿದ್ದೀನಿ." ಅಷ್ಟು ಹೇಳಿ ಸಣ್ಣಗೆ ನಕ್ಕು, "ಆಯ್ತಮ್ಮಾ, ಹೊರಗೆ ಬೆಂಚಿನ ಮೇಲೆ ಕೂತಿರಿ" ಅಂದರು.

ಒಂದೇ ಒಂದು ಮಾತು ತಪ್ಪಿರಲಿಲ್ಲ. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಎಂಥಾ ಡಾಕ್ಟರು, ಎಷ್ಟು ಬೇಗ ಕಂಡುಹಿಡಿದರು ಅಂತ ಮನಸ್ಸಿನಲ್ಲೇ ಹರಸಿದಳು. ತಂಗಿಯನ್ನು ತೋಳಲ್ಲಿ ಆತುಕೊಂಡು ಬೆಂಚಿನ ಮೇಲೆ ಕೂತು, ಸ್ಕ್ಯಾನ್‌ಗೆ ಕರೆದೊಯ್ಯುವವರಿಗಾಗಿ ಕಾದಳು.

ಕಾದಳು. ಒಂದು ಸ್ಟ್ರೆಚರ್ ಬಂತು, ಅದು ಕಾಲು ಮುರಿದವನಿಗೆ. ಇನ್ನೊಂದು ಬಂತು, ಅದು ಖಾಲಿಯೇ ಮುಂದೆ ಹೋಯಿತು. ಅಕ್ಕ ತಳ್ಳುವವನನ್ನು ಅಡ್ಡಗಟ್ಟಿ, "ಇವಳನ್ನು ಸ್ಕ್ಯಾನ್‌ಗೆ ಕಳಿಸಿದ್ದಾರಪ್ಪಾ" ಅಂದಳು. "ಚೀಟಿ ಕೊಡಿ." "ಚೀಟಿ ಕೊಟ್ಟಿಲ್ಲ, ಡಾಕ್ಟ್ರು ಬಾಯಲ್ಲಿ ಹೇಳಿದ್ರು." "ಬಾಯಲ್ಲಿ ಹೇಳಿದ್ರೆ ಮಿಷನ್ ಓಡಲ್ಲಮ್ಮಾ" ಅಂತ ಅವನು ಗಾಲಿ ಉರುಳಿಸಿಕೊಂಡು ಹೋದ.

ಪಕ್ಕದಲ್ಲಿ ತಂಗಿ, ನೀರು ಬಂತಾ, ನೀರು ಬಂತಾ ಅನ್ನುತ್ತಲೇ ಇದ್ದಳು. ಅಕ್ಕನಿಗೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಆಮೇಲೆ ತಂಗಿ ಕೇಳುವುದನ್ನು ನಿಲ್ಲಿಸಿದಳು. ಆಗ ಅಕ್ಕ ಅವಳ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. "ಕೇಳೇ, ಇನ್ನೊಂದು ಸಲ ಕೇಳೇ" ಅಂತ ಕೆನ್ನೆ ತಟ್ಟಿದಳು. ತಂಗಿ ಊಂ ಅಂದಳು, ಅಷ್ಟೇ.

ಪಕ್ಕದ ಬೆಂಚಿನಲ್ಲಿ ಯಾರೋ ಒಬ್ಬ ಹೆಂಗಸು ತನ್ನವರಿಗಾಗಿ ಕಾಯುತ್ತಿದ್ದಳು. ಅವಳ ಮಡಿಲಿಗೆ ತಂಗಿಯ ತಲೆ ಒಪ್ಪಿಸಿ, "ತಾಯೀ, ಒಂದೇ ನಿಮಿಷ" ಅಂತ ಅಕ್ಕ ಒಳಗೆ ನುಗ್ಗಿದಳು.

"ಡಾಕ್ಟ್ರೇ, ಯಾರೂ ಬರಲಿಲ್ಲ. ಅವಳು ಮಾತೇ ಆಡ್ತಿಲ್ಲ."

ಕೈ ಕುಯ್ದುಕೊಂಡ ಒಬ್ಬನಿಗೆ ಹೊಲಿಗೆ ಹಾಕುತ್ತಿದ್ದ ಡಾಕ್ಟರು ತಲೆಯೆತ್ತಿದರು. "ಅಮ್ಮಾ, ನಿಮ್ಮ ಆತಂಕ ನನಗೆ ಅರ್ಥವಾಗ್ತಿದೆ. ನಿಮ್ಮ ಜಾಗದಲ್ಲಿ ಯಾರಿದ್ರೂ ಹೀಗೇ ಆಗುತ್ತೆ."

"ಅರ್ಥ ಆದ್ರೆ ಎದ್ದು ಬನ್ನಿ!"

"ನೀವು ಕೋಪ ಮಾಡ್ಕೊಳ್ಳೋದು ಸಹಜ. ನಾನು ಪೂರ್ತಿ ಕೇಳಿಸ್ಕೊಳ್ತಿದ್ದೀನಿ."

ಅಕ್ಕ ಕೂಗಿದಳು. ಗೋಗರೆದಳು. ನಿಮ್ಮ ಕಾಲು ಹಿಡೀತೀನಿ ಅಂದಳು. ಪ್ರತಿಯೊಂದಕ್ಕೂ ಆ ಮನುಷ್ಯ ಅಷ್ಟೇ ತಾಳ್ಮೆಯಿಂದ, ಅಷ್ಟೇ ಮೃದುವಾಗಿ ಒಂದೊಂದು ಮಾತು ಹೇಳಿದರು. ಹೊಟ್ಟೆ ಉರಿಯುವ ತಾಳ್ಮೆ. ಬೈದಿದ್ದರೂ ವಾಸಿಯಿತ್ತು. ಹಿಂದೆ ನಿಂತಿದ್ದ ನರ್ಸಮ್ಮ ಇನ್ನೊಬ್ಬಳ ಕಿವಿಯಲ್ಲಿ, "ಹೋದ ಸಲದ ಗಂಡ ಕುರ್ಚಿ ಎತ್ತಿಬಿಟ್ಟಿದ್ದ. ಈ ಹೊಸಬರೂ ಪರವಾಗಿಲ್ಲ, ಕಣ್ಣೀರೂ ಬರುತ್ತೆ" ಅಂದದ್ದು ಅಕ್ಕನ ಕಿವಿಗೆ ಬಿತ್ತು.

ಆಗ ಹೊಳೆಯಿತು ಅವಳಿಗೆ. ತಂಗಿ ಊಟದ ಹೊತ್ತಿನಲ್ಲಿ ನಗುನಗುತ್ತಾ ಹೇಳಿದ್ದ ಕತೆಗಳೆಲ್ಲ ಒಟ್ಟಿಗೆ ಎದುರು ಬಂದು ನಿಂತವು. ಇವರು ಪರೀಕ್ಷೆ ಬರೆಯುತ್ತಿದ್ದಾರೆ! ತಾನು ಸಿಟ್ಟಾದರೆ ಸಿಟ್ಟಿಗೊಂದು ಉತ್ತರ, ಅತ್ತರೆ ಅಳುವಿಗೊಂದು ಉತ್ತರ, ಎಲ್ಲ ಮೂರನೇ ಮಹಡಿಯಲ್ಲಿ ಕಲಿಸಿದ್ದು.

"ನಾಟಕ ಅಲ್ಲ ಡಾಕ್ಟ್ರೇ! ಅವಳು ನಿಜವಾಗಿ ಬಿದ್ದಿದ್ದಾಳೆ. ನಾನು ಇಸ್ತ್ರಿ ಅಂಗಡಿಯವಳು, ಅವಳ ಸ್ವಂತ ಅಕ್ಕ. ಮೈಮೇಲಿನ ಕೋಟು ನೋಡ್ಕೊಳ್ಳಿ, ನಾನೇ ಇಸ್ತ್ರಿ ಮಾಡಿರೋದು!"

ಕನ್ನಡಕದ ಡಾಕ್ಟರ ಮುಖದಲ್ಲಿ ಒಂದು ಕ್ಷಣ ಏನೋ ಕದಲಿತು. ಸೂಜಿ ಹಿಡಿದ ಕೈ ನಿಂತಿತು. ಆದರೆ ನರ್ಸಮ್ಮ, "ಸಾರ್, ಅವರೆಲ್ಲ ಹಾಗೇ ಅನ್ನೋದು" ಅಂದಳು. ಡಾಕ್ಟರು ಮತ್ತೆ ಹೊಲಿಗೆಗೆ ಬಗ್ಗಿದರು. "ಅಮ್ಮಾ, ಇದು ಮುಗಿದ ತಕ್ಷಣ ಬಂದು ಕೂತು ಮಾತಾಡ್ತೀನಿ."

ಇದನ್ನು ನಾಟಕ ಅಲ್ಲ ಅಂತ ಹೇಳಿದರೆ ನಂಬಿಸಬಲ್ಲವರು ಆ ಕಟ್ಟಡದಲ್ಲಿ ಒಬ್ಬರೇ ಇದ್ದರು. ಅಕ್ಕ ಮೆಟ್ಟಿಲ ಕಡೆ ಓಡಿದಳು. ಮಂಡಿನೋವಿನ ಹೆಂಗಸು, ದಿನವಿಡೀ ನಿಂತು ಇಸ್ತ್ರಿ ಮಾಡಿ ಊದಿದ ಕಾಲು. ಕಂಬಿ ಹಿಡಿದು ಮೈಯನ್ನು ಎಳೆದುಕೊಂಡು ಹತ್ತಿದಳು. ಬಿಟ್ಟು ಬಂದೆನಲ್ಲಾ, ಯಾರದೋ ಮಡಿಲಲ್ಲಿ ಹಾಕಿ ಬಂದೆನಲ್ಲಾ, ಈ ಹೊತ್ತಿಗೆ ಏನಾಗಿದೆಯೋ ಅಂತ ಪ್ರತಿ ತಿರುವಿನಲ್ಲೂ ಕೆಳಗೆ ಇಳಿದುಬಿಡಬೇಕು ಅನ್ನಿಸಿತು. ಇಳಿದರೆ ತಂಗಿ ಉಳಿಯಲ್ಲ ಅಂತ ಬಾಯಿಬಿಟ್ಟು ತನಗೆ ತಾನೇ ಹೇಳಿಕೊಂಡು ಹತ್ತಿದಳು.

ಹಾಲ್‌ನ ಬಾಗಿಲು ತಳ್ಳಿದಾಗ ಒಳಗೆ ಕತ್ತಲೆ, ಗೋಡೆಯ ಮೇಲೆ ಮಿದುಳಿನ ದೊಡ್ಡ ಚಿತ್ರ. ಮೇಡಂ ಮೈಕ್ ಹಿಡಿದು, ಪೆಟ್ಟಾದ ಮೇಲೆ ರೋಗಿ ಸ್ವಲ್ಪ ಹೊತ್ತು ಚೆನ್ನಾಗಿಯೇ ಇದ್ದು ಆಮೇಲೆ ಕುಸಿಯಬಹುದು, ಆ ಹೊತ್ತನ್ನು ಕಳೆದುಕೊಳ್ಳಬಾರದು ಅಂತ ವಿವರಿಸುತ್ತಿದ್ದರು. ಸಾಲಾಗಿ ಕೂತಿದ್ದ ಡಾಕ್ಟರುಗಳಲ್ಲಿ ಅರ್ಧ ಜನ ಆಕಳಿಸುತ್ತಿದ್ದರು.

"ನನ್ನ ತಂಗಿ ಸಾಯ್ತಿದ್ದಾಳೆ!" ಅಂತ ಅಕ್ಕ ಕಿರುಚಿದಳು.

ಮುಂದಿನ ಸಾಲಿನ ಹಿರಿಯ ಡಾಕ್ಟರೊಬ್ಬರು ಗಡಬಡಿಸಿ ಎದ್ದು, ಗಂಟಲು ಸರಿಮಾಡಿಕೊಂಡು, "ಅಮ್ಮಾ, ನಿಮ್ಮ ಆತಂಕ ನನಗೆ ಅರ್ಥವಾಗ್ತಿದೆ" ಅಂದರು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಅಕ್ಕ ಅವರನ್ನು ಸರಿಸಿ ಮೇಡಂ ಕಡೆಗೆ ನುಗ್ಗಿದಳು.

ಮೇಡಂ ಮಾತ್ರ ಗುರುತು ಹಿಡಿದರು. ಮೈಕು ಮೇಜಿನ ಮೇಲೆ ಬಿದ್ದು ಹಾಲ್ ತುಂಬ ಸದ್ದಾಯಿತು. "ಇವತ್ತು ನಾನು ಯಾರನ್ನೂ ಕಳಿಸಿಲ್ಲ" ಅಂದರು. ಅಂದವರೇ ಚಪ್ಪಲಿ ಅಲ್ಲೇ ಬಿಟ್ಟು ಓಡಿದರು.

ಕೆಳಗೆ ಆ ಹೆಂಗಸು ತಂಗಿಯ ತಲೆಯನ್ನು ಮಡಿಲಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಳು. ಬಂದವರನ್ನು ಕಂಡು, "ಮೆಲ್ಲಗೆ, ನಿದ್ದೆ ಹತ್ತಿದೆ. ಪಾಪ, ಗೊರಕೆ ಹೊಡೀತಿದ್ದಾರೆ" ಅಂದಳು. ಮೇಡಂ ಎರಡೂ ರೆಪ್ಪೆ ಎತ್ತಿದರು. ಒಂದು ಪಾಪೆ ಸಣ್ಣದು, ಒಂದು ಅಗಲವಾಗಿ ತೆರೆದುಕೊಂಡಿತ್ತು. ಕನ್ನಡಕದ ಡಾಕ್ಟರೂ ಓಡಿಬಂದರು, ಜೇಬಿನಿಂದ ಟಾರ್ಚು ತೆಗೆದರು, ಬೆಳಕು ಬಿಟ್ಟರು. ಅಗಲವಾದ ಪಾಪೆ ಕದಲಲಿಲ್ಲ. ಆ ಮನುಷ್ಯ ಮತ್ತೆ ಬೆಳಕು ಬಿಟ್ಟರು, ಮತ್ತೂ ಒಮ್ಮೆ ಬಿಟ್ಟರು.

ಆಮೇಲೆ ಚೀಟಿ ಯಾರೂ ಕೇಳಲಿಲ್ಲ. ಸ್ಕ್ಯಾನ್ ಆಯಿತು, ತಲೆಬುರುಡೆಯ ಒಳಗೆ ರಕ್ತ ಗಟ್ಟಿಯಾಗಿ ಮಿದುಳನ್ನು ಒತ್ತುತ್ತಿದೆ ಅಂದರು, ಆಪರೇಷನ್‌ಗೆ ತೆಗೆದುಕೊಂಡು ಹೋದರು. ಮುಚ್ಚಿದ ಬಾಗಿಲ ಮುಂದೆ ಅಕ್ಕ ನೆಲದ ಮೇಲೆ ಕೂತಳು. ಕನ್ನಡಕದ ಡಾಕ್ಟರು ಬಂದು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿದರು. ಕೊನೆಗೆ, "ನಾನು ಎಲ್ಲಾ ಸರಿಯಾಗಿ ಹೇಳಿದ್ದೆ ಅಮ್ಮಾ" ಅಂದರು.

"ಹೇಳಿದ್ರಿ ಡಾಕ್ಟ್ರೇ. ಬಹಳ ಚೆನ್ನಾಗಿ ಹೇಳಿದ್ರಿ" ಅಂದಳು ಅಕ್ಕ.

ಅವರು ಅಲ್ಲೇ ಮುಖ ಮುಚ್ಚಿಕೊಂಡು ಅತ್ತರು. ಅಕ್ಕನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಕನಿಕರವೂ ಬರಲಿಲ್ಲ. ಬಾಗಿಲಿನ ಮೇಲಿನ ಕೆಂಪು ದೀಪ ನೋಡುತ್ತಾ ಕೂತಿದ್ದಳು.

ಜೀವ ಉಳಿಯಿತು. ಸ್ವಲ್ಪ ಮೊದಲೇ ಆಗಿದ್ದರೆ ಚೆನ್ನಾಗಿತ್ತು ಅಂತ ಸರ್ಜನ್ ಹೇಳಿದರು, ಅದನ್ನು ಯಾರ ಮುಖವನ್ನೂ ನೋಡದೆ ಹೇಳಿದರು. ತಂಗಿ ದಿನಗಟ್ಟಲೆ ಕಣ್ಣು ಮುಚ್ಚಿಯೇ ಇದ್ದಳು. ಅಕ್ಕ ಅಂಗಡಿ ತೆರೆಯಲೇ ಇಲ್ಲ. ಯಾರ ಯಾರದೋ ಬಟ್ಟೆ ಗಂಟಿನಲ್ಲೇ ಉಳಿದವು. ಗಿರಾಕಿಗಳು ಆಸ್ಪತ್ರೆಗೇ ಬಂದು, ಬಟ್ಟೆಯ ಮಾತೆತ್ತದೆ, ಬಾಗಿಲಲ್ಲಿ ನಿಂತು ನೋಡಿ ಹೋದರು.

ಒಂದು ಮಧ್ಯಾಹ್ನ ತಂಗಿ ಕಣ್ಣು ಬಿಟ್ಟಳು. ಮೇಡಂ ಇದ್ದರು, ಕನ್ನಡಕದ ಡಾಕ್ಟರಿದ್ದರು. ಅಕ್ಕ ಇಬ್ಬರನ್ನೂ ಸರಿಸಿಕೊಂಡು ಮುಂದೆ ಬಂದು ಕೈ ಹಿಡಿದಳು. ತಂಗಿ ಆ ಕೈಯನ್ನು ನೋಡಿದಳು, ಆಮೇಲೆ ಮುಖ ನೋಡಿದಳು. ತಡೆದು ತಡೆದು, "ನೀವು ಯಾರಮ್ಮಾ?" ಅಂದಳು.

ಹುಟ್ಟಿದಾಗಿನಿಂದ ಅಕ್ಕನನ್ನು ನೀನು ಅಂದವಳು, ಒಂದು ದಿನಕ್ಕೂ ಬಹುವಚನ ಕೊಟ್ಟವಳಲ್ಲ.

"ನಾನು ಕಣೇ. ಅಕ್ಕ."

ತಂಗಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. ಯಾರದೋ ಮನೆಗೆ ಬಂದವಳ ಹಾಗೆ ಸಂಕೋಚದಿಂದ ಕೈ ಬಿಡಿಸಿಕೊಂಡಳು. ಮೇಡಂ ಮುಂದೆ ಬಗ್ಗಿ, ಇಂಥ ಸಮಯದಲ್ಲಿ ಹೀಗಾಗುವುದುಂಟು, ನೆನಪು ಬರಲೂಬಹುದು, ಬರದೆಯೂ ಇರಬಹುದು, ಈಗಲೇ ಏನೂ ಹೇಳೋಕಾಗಲ್ಲ ಅಂತ ಮೆಲ್ಲಗೆ ಹೇಳುತ್ತಿದ್ದರು. ಅಕ್ಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟೂ ಜನರ ಮುಂದೆ ನಾಟಕ ಅಲ್ಲ ನಾಟಕ ಅಲ್ಲ ಅಂತ ಗಂಟಲು ಹರಿದುಕೊಂಡಿದ್ದವಳು, ಈಗ ಮಂಚಕ್ಕೆ ಬಾಗಿ, ಬ್ಯಾಂಡೇಜಿನ ಪಕ್ಕ ಬಾಯಿಟ್ಟು, ಬೇರೆ ಯಾರಿಗೂ ಕೇಳಿಸದ ಹಾಗೆ ಬೇಡಿಕೊಂಡಳು.

"ನಾಟಕ ಅನ್ನೇ. ಒಂದೇ ಒಂದು ಸಲ ನಾಟಕ ಅನ್ನೇ ತಾಯೀ. ನಾನು ಬೈಯಲ್ಲ, ಯಾರಿಗೂ ಹೇಳಲ್ಲ."

ತಂಗಿ ಅವಳನ್ನು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕನ್ನಡಕದ ಡಾಕ್ಟರ ಕಡೆ ತಿರುಗಿ, "ಇವರು ಯಾಕೋ ಅಳ್ತಿದ್ದಾರೆ, ಸ್ವಲ್ಪ ನೋಡಿ" ಅಂದಳು.